ಮೊದಲ ಪ್ರಶ್ನೆಗಾರನ ಬೀಳ್ಕೊಡುಗೆ

ಎದುರಿಗಿಟ್ಟಿರುವ ಅನಾನಸ್ ಕೇಕನ್ನು ಸಭೆ ಮುಗಿಯುವವರೆಗೆ ಮುಟ್ಟಬಾರದೆಂಬ ಕಠಿಣ ವ್ರತವನ್ನು ಪಾಲಿಸುತ್ತಿರುವ ಅಧ್ಯಕ್ಷರೂ ನಮ್ಮ ವಾರ್ಡಿನ ಮುಖ್ಯಸ್ಥರೂ ಆದ ಟಿಯೆನ್ ಅವರೇ, ಶುಕ್ರವಾರದ ಚಿತ್ರ ಮತ್ತು ಚರ್ಚೆಯ ತಾಯಿಬೇರಾದ ಪೆಂಗ್ ಟೀಚರ್ ಅವರೇ, ಮುಂದಿನ ಸಾಲಿನಲ್ಲಿ ಕೂತು ಈಗಾಗಲೇ ಕಣ್ಣು ಮುಚ್ಚಿರುವ ನಮ್ಮ ಅಜ್ಜಿಯವರೇ, ಹಾಗೂ ಕುರ್ಚಿಯ ಕೆಳಗೆ ತಮ್ಮ ತಮ್ಮ ಮನೆಯ ಕಸದ ಚೀಲವನ್ನು ಭದ್ರವಾಗಿಟ್ಟುಕೊಂಡು ಕೂತಿರುವ ಸಮಸ್ತ ಸಭಿಕರೇ,

ಇಂದು ಒಂದು ಹುದ್ದೆ ನಿವೃತ್ತವಾಗುತ್ತಿದೆ. ಹುದ್ದೆಯಲ್ಲಿದ್ದವನಿಗೆ ಇಪ್ಪತ್ತನಾಲ್ಕು ವರ್ಷ. ನಿವೃತ್ತಿಗೆ ತುಸು ಬೇಗ. ಆದರೆ ಹುದ್ದೆಗೇ ಆಯುಸ್ಸು ಮುಗಿದರೆ ನೌಕರನೇನು ಮಾಡಬಲ್ಲ? ಸಂಬಳವಿಲ್ಲದ ಕೆಲಸಕ್ಕೆ ಪಿಂಚಣಿ ಕೇಳುವಷ್ಟು ದುರಾಸೆ ನನಗಿಲ್ಲ. ಹತ್ತು ನಿಮಿಷದ ಭಾಷಣ ಕೇಳಿದೆ, ಟೀಚರ್ ಕೊಟ್ಟರು. ಈಗ ಅನುಭವಿಸುವವರು ನೀವು.

ಆ ಹುದ್ದೆ ಯಾವುದು? ನಿಮಗೆಲ್ಲ ಗೊತ್ತು, ಗೊತ್ತಿಲ್ಲದ ಹಾಗೆ ಇಷ್ಟು ವರ್ಷ ನಟಿಸಿದ್ದೀರಿ. ಚಿತ್ರ ಮುಗಿದು, ದೀಪ ಹತ್ತಿ, ದೂರದಿಂದ ಬಂದ ಅತಿಥಿಗಳು ಮಾತಾಡಿ ಕೂತ ಮೇಲೆ, ಟೀಚರ್ ಮೈಕ್ ಹಿಡಿದು ‘ಈಗ ಪ್ರಶ್ನೆಗಳು’ ಎನ್ನುತ್ತಾರೆ. ಆಗ ಈ ಸಭಾಂಗಣದಲ್ಲಿ ಏನಾಗುತ್ತದೆ? ಎಲ್ಲರೂ ತಮ್ಮ ಚಪ್ಪಲಿಯನ್ನು ಅದೇ ಮೊದಲು ಕಂಡವರಂತೆ ನೋಡತೊಡಗುತ್ತಾರೆ. ಅತಿಥಿಗಳು ನಗುತ್ತಾ ಕಾಯುತ್ತಾರೆ. ಆ ನಗು ಮೆಲ್ಲಗೆ ಒಣಗುತ್ತದೆ. ಆಗ ಐದನೆಯ ಸಾಲಿನಿಂದ, ಈಗಷ್ಟೇ ಹೊಳೆಯಿತೆಂಬಂತೆ ಹಣೆ ಸುಕ್ಕುಗಟ್ಟಿಸಿಕೊಂಡು, ಒಬ್ಬ ಯುವಕ ಕೈ ಎತ್ತುತ್ತಾನೆ. ಮೊದಲ ಪ್ರಶ್ನೆ ಕೇಳುತ್ತಾನೆ. ಪ್ರಶ್ನೆ ಟೀಚರದು, ಹಣೆಯ ಸುಕ್ಕು ಮಾತ್ರ ನನ್ನ ಸ್ವಂತದ್ದು.

ನನ್ನನ್ನು ನೇಮಿಸಿದ ದಿನ ಟೀಚರ್ ಹೇಳಿದ್ದಿಷ್ಟೇ: “ಶಿಯಾಂಗ್, ಶಾಲೇಲಿ ನನ್ನ ಭೂಗೋಳದ ಕ್ಲಾಸಲ್ಲಿ ಎಷ್ಟು ತಲೆ ತಿಂದಿದ್ದೀಯ ನೆನಪಿದೆಯಾ? ಈಗ ಆ ಸಾಲ ತೀರ್ಸು. ಒಂದು ಪ್ರಶ್ನೆ ಕೇಳು, ಆಮೇಲೆ ಬೇರೆಯವರಿಗೂ ಧೈರ್ಯ ಬರತ್ತೆ.”

ಬಂತೇ? ಬರಲಿಲ್ಲ. ಕಾಫಿ ತೋಟದ ಕೂಲಿಗಳು ಬಂದು ಹೋದರು, ಗಡಿ ದಾಟಲಾಗದೆ ಬೇಲಿಯ ಬಳಿ ಕೂತ ಕುಟುಂಬಗಳು ಬಂದು ಹೋದವು, ಮೊಬೈಲ್ ಬ್ಯಾಟರಿಗಾಗಿ ನೆಲ ಅಗೆಯುವ ಮಕ್ಕಳು ಬಂದು ಹೋದರು. ಜಗತ್ತಿನ ದುಃಖವೆಲ್ಲ ಶುಕ್ರವಾರ ಶುಕ್ರವಾರ ಈ ಪರದೆಯ ಮೇಲೆ ಹಾದುಹೋಯಿತು. ಮೊದಲ ಪ್ರಶ್ನೆಯೂ ನನ್ನದೇ, ಕೊನೆಯ ಪ್ರಶ್ನೆಯೂ ನನ್ನದೇ. ಒಂದು ಸಲವಂತೂ ಕಾರ್ಯಕ್ರಮ ಬದಲಾದದ್ದು ನನಗೆ ತಿಳಿಯಲಿಲ್ಲ. ಸಿದ್ಧ ಉಡುಪಿನ ಕಾರ್ಖಾನೆಯ ಬಗ್ಗೆ ಮಾತಾಡಿದ ಅತಿಥಿಗೆ, ಬತ್ತಿದ ಕೆರೆಯ ಚಿತ್ರಕ್ಕೆಂದು ಕಂಠಪಾಠ ಮಾಡಿದ ಪ್ರಶ್ನೆ ಕೇಳಿಬಿಟ್ಟೆ: “ಅಲ್ಲಿಯ ಮೀನುಗಳು ಮರಳಿ ಬರುವ ಸಂಭವವಿದೆಯೇ?” ಆ ಮಹನೀಯರು ಕನ್ನಡಕ ತೆಗೆದು ಒರೆಸಿ, ಬಹಳ ಆಳವಾದ ರೂಪಕವೆಂದು ಮೆಚ್ಚಿ, ಹತ್ತು ನಿಮಿಷ ಉತ್ತರ ಕೊಟ್ಟರು. ನೀವು ಚಪ್ಪಾಳೆ ತಟ್ಟಿದಿರಿ. ಯಾರಿಗೂ ಏನೂ ಅನುಮಾನ ಬರಲಿಲ್ಲ ಎಂಬುದೇ ನನ್ನ ವೃತ್ತಿಜೀವನದ ಅತ್ಯಂತ ದುಃಖದ ಸಂಗತಿ.

ಅನುಮಾನ ಬಂದದ್ದು ಅಧ್ಯಕ್ಷರೊಬ್ಬರಿಗೇ. ಹಾಡುವವರ ಕಿವಿ ಸೂಕ್ಷ್ಮವಲ್ಲವೇ? ಅವರ ಕರೋಕೆ ಬಳಗಕ್ಕೂ ಶುಕ್ರವಾರವೇ ಬೇಕಾಗಿತ್ತು. ವರ್ಷದ ಮೊದಲಲ್ಲೇ ಅವರು ಟೀಚರ ಹತ್ತಿರ ಬಂದು ಹೇಳಿದರು: “ಟೀಚರ್, ನನಗೆ ನಿಮ್ಮ ಮೇಲೆ ಗೌರವ ಇದೆ. ಆದ್ರೆ ಇಲ್ಲಿ ಕೂರೋರು ಎ.ಸಿ.ಗೆ ಬರೋರು. ಅವರ ತಲೆಗೆ ಇದೆಲ್ಲ ಹತ್ತಲ್ಲ. ಈ ವರ್ಷ ಮುಗಿಯೋದ್ರೊಳಗೆ ನಮ್ಮ ಬೀದಿಯವರೊಬ್ರು, ಆ ಫಾನ್ ಮನೆ ಹುಡುಗ ಶಿಯಾಂಗ್ ಬಿಟ್ಟು, ತಾವಾಗೇ ಒಂದು ಪ್ರಶ್ನೆ ಕೇಳಲಿ. ಶುಕ್ರವಾರ ಈ ಹಾಲ್ ನಿಮ್ಮದು. ಇಲ್ದಿದ್ರೆ ನಮಗೆ ಬಿಡಿ.”

ಟೀಚರ್ ಒಪ್ಪಿದರು. ಒಪ್ಪದೆ ದಾರಿಯಿರಲಿಲ್ಲ, ಬೀಗದ ಕೈ ಅಧ್ಯಕ್ಷರ ಸೊಂಟದಲ್ಲಿತ್ತು.

ವರ್ಷವಿಡೀ ಟೀಚರ್ ಕಾದರು. ನಾನು ಕೈ ಎತ್ತಿದೆ, ಇಳಿಸಿದೆ. ನೀವು ಚಪ್ಪಲಿ ನೋಡಿದಿರಿ. ಯಾಕೆ, ಸಭಿಕರೇ? ನೀವು ಮೂಗರೇ? ನಿಮ್ಮಷ್ಟು ಮಾತಾಡುವವರು ನಮ್ಮ ಕಾವ್‌ಶ್ಯುಂಗ್ ಊರಿನ ಮೀನು ಮಾರುಕಟ್ಟೆಯಲ್ಲೂ ಇಲ್ಲ. ಆದರೆ ಮೈಕ್ ಬಂತೆಂದರೆ ಪಕ್ಕದ ಮನೆಯವಳ ಮುಂದೆ ದಡ್ಡ ಪ್ರಶ್ನೆ ಕೇಳಿಬಿಟ್ಟೇನೇ ಎಂಬ ಭಯ. ಜಗತ್ತಿನಲ್ಲಿ ಯುದ್ಧ ನಡೆಯಲಿ, ಬೀದಿಯಲ್ಲಿ ಮರ್ಯಾದೆ ಉಳಿಯಲಿ.

ಹೀಗೆ ಕೊನೆಯ ಶುಕ್ರವಾರ ಬಂತು. ಮನಿಲಾದಿಂದ ಕೋರಾ ಡಿಮಾಯುಗಾ ಎಂಬ ನಿರ್ದೇಶಕಿ ತಾವೇ ತೆಗೆದ ಚಿತ್ರದೊಂದಿಗೆ ಬಂದಿದ್ದರು. ದೂರ ಸಮುದ್ರದ ಹಡಗಿನಲ್ಲಿ ಟ್ಯೂನಾ ಹಿಡಿಯುವ ಒಬ್ಬ ಹುಡುಗನ ಕಥೆ. ಅವನ ತಾಯಿ ತೀರಿಕೊಂಡಿದ್ದಾಳೆ, ಹಡಗಿಗೆ ಸುದ್ದಿ ಮುಟ್ಟಿದೆ, ಅವನಿಗೆ ಯಾರೂ ಹೇಳಿಲ್ಲ. ನೋಡುವ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಅವನು ಬಲೆ ಸರಿಪಡಿಸುತ್ತಾ ಹಾಡಿಕೊಳ್ಳುತ್ತಾನೆ.

ಹಡಗು ನಮಗೆ ಹೊಸದಲ್ಲ. ಚ್ಯೆನ್‌ಜೆನ್ ಬಂದರಿನ ಈ ಬೀದಿಯಲ್ಲಿ ಯಾರ ಮನೆಯ ಗಂಡಸು ಒಂದಲ್ಲ ಒಂದು ಕಾಲಕ್ಕೆ ಹಡಗಿನಲ್ಲಿರಲಿಲ್ಲ? ನನ್ನ ತಂದೆಯವರು ಇಂಜಿನ್ ಕೋಣೆಯಲ್ಲಿದ್ದರು. ಹೋದರೆ ಎರಡು ವರ್ಷ. ತಿಂಗಳಿಗೊಮ್ಮೆ ಫೋನ್ ಬರುತ್ತಿತ್ತು, ಸಮುದ್ರದ ಗೊರಗೊರ ಶಬ್ದದೊಂದಿಗೆ. ನಾನು ಮೂರನೆಯ ತರಗತಿಯಲ್ಲಿದ್ದಾಗ ತಾತ ತೀರಿಕೊಂಡರು. ಆ ತಿಂಗಳೂ ಫೋನ್ ಬಂತು. “ಅಪ್ಪ ಎಲ್ಲಿ?” ಎಂದು ತಂದೆ ಕೇಳಿದರು. “ಮಲಗಿದ್ದಾರೆ” ಎಂದಳು ಅಜ್ಜಿ. ಆಮೇಲೆ ಫೋನ್ ನನ್ನ ಕೈಗೆ ಕೊಟ್ಟಳು. ಶಾಲೆಯ ಓಟದಲ್ಲಿ ಎರಡನೆಯವನಾಗಿ ಬಂದೆನೆಂದು ಹೇಳಿದೆ. ಮುಂದಿನ ತಿಂಗಳೂ ತಾತ ಮಲಗಿದ್ದರು. ಅದರ ಮುಂದಿನ ತಿಂಗಳೂ. ನನಗೆ ಮಾತ್ರ ಹೇಳಲು ಬೇರೆ ಓಟಗಳಿರಲಿಲ್ಲ, ಅದೇ ಓಟವನ್ನು ಮತ್ತೆ ಹೇಳಿದೆ.

ಇರಲಿ. ಮಾತು ಬೇರೆಲ್ಲಿಗೋ ಹೋಯಿತು. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಅಥವಾ ಕೇಕನ್ನು.

ಚಿತ್ರದಲ್ಲಿ ಹಡಗು ದಡ ಸೇರಿತು. ಹುಡುಗ ಕಟ್ಟೆಯ ಮೇಲೆ ಇಳಿದ. ಯಾರೋ ಅವನ ಕೈಗೆ ಫೋನ್ ಕೊಟ್ಟರು. ಅವನು ಅದನ್ನು ಕಿವಿಗಿಟ್ಟುಕೊಂಡು ನಕ್ಕ. ಸರಿಯಾಗಿ ಆಗ ಬೀದಿಯ ತುದಿಯಲ್ಲಿ ಕಸದ ಗಾಡಿಯ ಪಿಯಾನೋ ರಾಗ ಕೇಳಿಸಿತು.

ನಿಮಗೆ ಹೇಳಬೇಕಿಲ್ಲ. ಚಿತ್ರ ನಿಂತಿತು. ನೀವೆಲ್ಲ ಒಟ್ಟಿಗೆ ಎದ್ದಿರಿ, ಕುರ್ಚಿಯ ಕೆಳಗಿನ ಚೀಲ ಎಳೆದಿರಿ, ಮೆಟ್ಟಿಲಿಳಿದು ಓಡಿದಿರಿ. ಪರದೆಯ ಮೇಲೆ ಹುಡುಗನ ನಗು ಹಾಗೇ ನಿಂತಿತ್ತು. ಆದರೆ ಇದನ್ನು ಕೋರಾ ಅವರಿಗೆ ಯಾರು ಮೊದಲೇ ಹೇಳಿದ್ದರು? ಗಾಡಿ ನಿಲ್ಲುವುದು ಎರಡು ನಿಮಿಷ, ಅದು ಯಾರಿಗೂ ಕಾಯುವುದಿಲ್ಲ, ತಪ್ಪಿದರೆ ಮೀನಿನ ತಲೆಗಳ ಜೊತೆ ಒಂದು ರಾತ್ರಿ ಕಳೆಯಬೇಕು ಎಂದು? ಅವರು ಖಾಲಿ ಕುರ್ಚಿಗಳನ್ನು ನೋಡಿ ಬಿಳುಚಿಕೊಂಡರು.

“ನಾನು ನಿಮ್ಮ ಜನಕ್ಕೆ ಅವಮಾನ ಮಾಡಿದ್ನಾ?” ಎಂದು ಟೀಚರನ್ನು ಕೇಳಿದರು. “ಎಲ್ಲರೂ ಪ್ರತಿಭಟಿಸಿ ಹೊರಗೆ ಹೋದ್ರಲ್ಲ.”

ಟೀಚರ್ ‘ಇಲ್ಲ, ಕಸದ ಗಾಡಿ ಬಂದಿದೆ ಅಷ್ಟೇ’ ಎನ್ನುತ್ತಾ ಎಂದಿನಂತೆ ತಮ್ಮ ಚೀಲವನ್ನು ನನ್ನ ಕೈಗೆ ಕೊಡುತ್ತಿದ್ದರು. ಪ್ರೊಜೆಕ್ಟರನ್ನೂ ಅತಿಥಿಯನ್ನೂ ಬಿಟ್ಟು ಅವರು ಒಮ್ಮೆಯೂ ಕೆಳಗಿಳಿದವರಲ್ಲ. ಅಂದು ಕೋರಾ ಆ ಚೀಲವನ್ನು ನನ್ನ ಕೈಯಿಂದ ಕಿತ್ತುಕೊಂಡು, “ಹಾಗಾದ್ರೆ ನಾನೂ ಬರ್ತೀನಿ, ನೋಡೇಬಿಡೋಣ” ಎಂದು ಹೊರಟರು. ಟೀಚರ್ ಪ್ರೊಜೆಕ್ಟರ್ ಕಡೆ ನೋಡಿದರು, ಬಾಗಿಲ ಕಡೆ ನೋಡಿದರು, ಹಿಂದೆಯೇ ಇಳಿದರು.

ಬೀದಿಯಲ್ಲಿ ಏನು ನಡೆದಿತ್ತು? ಪ್ರತಿ ಶುಕ್ರವಾರ ನಡೆಯುವುದೇ ನಡೆದಿತ್ತು. “ಅಲ್ರೀ, ಆ ಹುಡುಗನ ಪಾಸ್‌ಪೋರ್ಟ್ ಕ್ಯಾಪ್ಟನ್ ಯಾಕೆ ಇಟ್ಕೊಂಡಿರೋದು?” “ಓಡಿ ಹೋಗ್ತಾನೆ ಅಂತ.” “ಸಮುದ್ರದ ಮೇಲೆ ಎಲ್ಲಿಗೆ ಓಡ್ತಾನಮ್ಮ, ನಿನ್ನ ತಲೆ.” “ನಮ್ಮ ಮನೆಯವ್ರದ್ದೂ ಹಾಗೇ ಇಟ್ಕೋತಿದ್ರು.” “ಆಗ ನೀನು ಯಾಕೆ ಕೇಳ್ಲಿಲ್ಲ?” “ನೀನು ಕೇಳಿದ್ಯಾ?” ವರ್ಷಗಟ್ಟಲೆ ನಾನೂ ಆ ಗುಂಪಿನಲ್ಲೇ ಇದ್ದೆ, ಎರಡು ಕೈಯಲ್ಲಿ ಎರಡು ಚೀಲ ಹಿಡಿದು. ಅದನ್ನು ನಾವ್ಯಾರೂ ಪ್ರಶ್ನೆ ಎಂದುಕೊಂಡಿರಲಿಲ್ಲ. ಬಾಯಿಚಪಲ ಎಂದುಕೊಂಡಿದ್ದೆವು. ಟೀಚರ್ ಮೆಟ್ಟಿಲ ಬುಡದಲ್ಲೇ ನಿಂತುಬಿಟ್ಟರು.

ಆಗ ನಮ್ಮ ಅಜ್ಜಿ ಕೋರಾ ಅವರ ತೋಳು ಹಿಡಿದಳು. “ಶಿಯಾಂಗ್, ನಾನು ಹೇಳಿದ್ದನ್ನ ಇವಳಿಗೆ ಹಾಗ್ಹಾಗೇ ಹೇಳು. ನಿನ್ನ ಒಗ್ಗರಣೆ ಬೇಡ” ಎಂದಳು. ನಾನು ಜೀವನದಲ್ಲಿ ಮೊದಲ ಬಾರಿಗೆ ಒಗ್ಗರಣೆ ಇಲ್ಲದೆ ಅನುವಾದಿಸಿದೆ.

“ನಮ್ಮವರು ಹೋದಾಗ ಮಗ ಹಡಗಲ್ಲಿದ್ದ. ಕಂಪನಿಯವನು ಮನೆಗೆ ಬಂದು ಹಣ್ಣಿನ ಬುಟ್ಟಿ ಇಟ್ಟ. ಈಗ ಹೇಳ್ಬೇಡಿ, ಇಂಜಿನ್ ಹತ್ರ ಕೆಲಸ, ಮನಸ್ಸು ಕೆಟ್ರೆ ಕೈ ಹೋಗತ್ತೆ ಅಂದ. ಎಂಟು ತಿಂಗಳು ನಾನು ಸುಳ್ಳು ಹೇಳ್ದೆ. ನಿನ್ನ ಚಿತ್ರದ ಹುಡುಗನಿಗೂ ಹೇಳ್ಲಿಲ್ಲ. ಹೇಳ್ಬೇಕೋ ಬೇಡ್ವೋ ಅಂತ ತೀರ್ಮಾನ ಮಾಡೋರು ಯಾರು? ನಿಮ್ಮೂರಲ್ಲಿ ಯಾರು?”

ಗಾಡಿ ಬಂದು ನಿಂತಿತ್ತು. ಚೀಲಗಳು ಹಾರುತ್ತಿದ್ದವು. ನಾನು ಅಜ್ಜಿಯ ಚೀಲಕ್ಕೆ ಕೈ ಹಾಕಿದೆ, ಅವಳು ಬಿಡಲಿಲ್ಲ. “ತಡಿ, ಇವಳು ಇನ್ನೂ ಉತ್ತರ ಹೇಳಿಲ್ಲ.”

ಕೋರಾ ಅಜ್ಜಿಯ ಕಡೆ ಪೂರ್ತಿ ತಿರುಗಿದರು. ಆಮೇಲೆ ಹೇಳಿದರು: “ಗೊತ್ತಿಲ್ಲ ಅಜ್ಜಿ. ಹುಡುಗನ್ನ ಕೇಳ್ದೆ, ಕ್ಯಾಪ್ಟನ್ನ ಕೇಳ್ದೆ. ಅವನ ಮನೆಯವರನ್ನ ನಾನು ಕೇಳ್ಲೇ ಇಲ್ಲ.”

ಗಾಡಿ ಹೊರಟುಹೋಯಿತು. ರಾಗ ಮುಂದಿನ ಬೀದಿಗೆ ತಿರುಗಿತು. ನಮ್ಮ ಅಜ್ಜಿ, ಮದುವೆಯಾಗಿ ಈ ಬೀದಿಗೆ ಬಂದಂದಿನಿಂದ ಒಂದು ಸಲವೂ ಕಸ ಮನೆಯಲ್ಲುಳಿಸದ ನಮ್ಮ ಅಜ್ಜಿ, ಕೈಯಲ್ಲಿ ಚೀಲ ಹಿಡಿದು ನಿಂತಿದ್ದಳು. ಒಳಗೆ ಹಾಲುಮೀನಿನ ಮುಳ್ಳುಗಳಿದ್ದವು. ಸುತ್ತ ನಿಂತವರು ಅದನ್ನು ನೋಡಿದರು. ಕಸವನ್ನೇ ನೋಡಿದರು.

ಅಧ್ಯಕ್ಷರು ನ್ಯಾಯವಾದಿಯಂತೆ ಕೆಮ್ಮಿದರು. “ಪ್ರಶ್ನೆ ಹಾಲ್ ಒಳಗೆ ಕೇಳ್ಬೇಕು ಅಂತ ಮಾತಾಗಿತ್ತು.”

“ಟಿಯೆನ್,” ಎಂದಳು ಅಜ್ಜಿ, “ಅಂಗಿ ಗುಂಡಿ ಸರಿಯಾಗಿ ಹಾಕ್ಕೊಳ್ಳೋಕೆ ಬಾರದ ಕಾಲದಿಂದ ನಿನ್ನ ನೋಡಿದೀನಿ. ನಾನು ಗಾಡಿ ಬಿಟ್ಟಿದೀನಿ. ಇನ್ನೇನು ಬೇಕು ನಿಂಗೆ?”

ಅಧ್ಯಕ್ಷರು ಚೀಲದ ಕಡೆ ನೋಡಿದರು. ಹಾಡಿನಲ್ಲಿ ಅವರು ಎಷ್ಟು ಸಲ ತಾಳ ತಪ್ಪಿದ್ದಾರೋ ಗೊತ್ತಿಲ್ಲ, ನ್ಯಾಯದಲ್ಲಿ ತಪ್ಪಲಿಲ್ಲ. ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ಟೀಚರ ಕೈಗಿಟ್ಟರು. ಕರೋಕೆ ಗುರುವಾರಕ್ಕೆ ಹೋಯಿತು, ಗುರುವಾರ ಬೀದಿಯವರೆಲ್ಲ ಕಿಟಕಿ ಮುಚ್ಚುತ್ತೇವೆ, ಅದು ಬೇರೆ ವಿಷಯ. ಅಂದು ಮೇಲೆ ಹೋಗಿ ಉಳಿದ ಚಿತ್ರ ನೋಡಿದೆವು, ದೀಪ ಹತ್ತಿತು, ಟೀಚರ್ ಬಾಯಿ ತೆರೆಯುವ ಮೊದಲೇ ಮೂರು ಕೈಗಳು ಮೇಲಿದ್ದವು. ನನ್ನದು ಅದರಲ್ಲಿರಲಿಲ್ಲ. ಹೀಗೆ ನನ್ನ ಕೆಲಸ ಹೋಯಿತು.

ಸಭಿಕರೇ, ಬೇರೆಯವರ ಪ್ರಶ್ನೆಗಳನ್ನು ಇಷ್ಟೊಂದು ಕೇಳಿದ ಮೇಲೆ ಹೋಗುವಾಗ ಸ್ವಂತದ್ದೊಂದು ಕೇಳಬಹುದೇ? ಟೀಚರ್ ತಲೆಯಾಡಿಸುತ್ತಿದ್ದಾರೆ. ಇದು ಅವರು ಬರೆದುಕೊಟ್ಟದ್ದಲ್ಲ.

ಕಳೆದ ತಿಂಗಳು ಸಮುದ್ರದ ಕೆಲಸ ಬಿಟ್ಟು ಮನೆಗೆ ಬಂದಿರುವ, ಐದನೆಯ ಸಾಲಿನಲ್ಲಿ ನನ್ನ ಹಳೆಯ ಕುರ್ಚಿಯಲ್ಲೇ ಕೂತಿರುವ ನನ್ನ ತಂದೆಯವರಿಗೆ ನನ್ನ ಪ್ರಶ್ನೆ. ಅಪ್ಪ, ದಡ ಸೇರಿದ ದಿನ ನಿಮಗೆ ಸುದ್ದಿ ಹೇಳಿದರಲ್ಲ, ಆಗ ನಮ್ಮ ಆ ಫೋನುಗಳೆಲ್ಲ ನೆನಪಾದವೇ? ನನ್ನ ಓಟದ ಮಾತು? ಅದನ್ನು ಕೇಳಿದಾಗಲೇ ತಾತ ಇಲ್ಲವೆಂದು ನಿಮಗೆ ಗೊತ್ತಾಗಿತ್ತೇ?

ಉತ್ತರವನ್ನು ಮೈಕಿನಲ್ಲಿ ಹೇಳಬೇಕೆಂದಿಲ್ಲ. ನಮ್ಮ ಮನೆಯವರಿಗೆ ಮೈಕ್ ಆಗಿಬರುವುದಿಲ್ಲ.

ಆಗಲೇ ರಾಗ ಕೇಳಿಸುತ್ತಿದೆ, ನೀವೆಲ್ಲ ಚೀಲ ಎಳೆಯುತ್ತಿದ್ದೀರಿ, ಯಾವ ಭಾಷಣಕಾರನಿಗೂ ಸಿಗದ ಗೌರವ ಇದು. ಅಪ್ಪ ಎದ್ದಿದ್ದಾರೆ. ಅವರ ಕೈಯಲ್ಲಿ ಎರಡು ಚೀಲಗಳಿವೆ, ಒಂದು ನನ್ನದು. ಬಾಗಿಲ ಬಳಿ ನಿಂತು ಈ ಕಡೆಗೇ ನೋಡುತ್ತಿದ್ದಾರೆ. ಹೊರಗೆ ಹೋಗುತ್ತಿಲ್ಲ.

ಈ ಗಾಡಿ ನಮಗೆ ತಪ್ಪುತ್ತದೆ ಎಂದು ಕಾಣುತ್ತದೆ. ತಾಳ್ಮೆಯಿಂದ ಕೇಳಿದ ನಿಮಗೂ ಕೇಕ್ ಮುಟ್ಟದ ಅಧ್ಯಕ್ಷರಿಗೂ ಧನ್ಯವಾದ. ನನಗೆ ಕೆಳಗೆ ಕೆಲಸವಿದೆ. ನಮಸ್ಕಾರ.