ಗುಡ್ಡ ಹತ್ತುವ ಕರಾರು

ಬಾದಾಮಿ ಗುಡ್ಡದ ಮೇಲಿನ ಕಾವಲು ಬುರುಜು ನೋಡಲು ಹೊರಟವನು ಮೆಟ್ಟಿಲ ಬುಡದಲ್ಲಿ ನೀರು ಕುಡಿಯುತ್ತ ನಿಂತಿದ್ದೆ. ಪಕ್ಕದ ಬಂಡೆಯ ಮೇಲೆ ಬೇವೂರಿನಿಂದ ಬಂದ ಅಜ್ಜ, ಅಜ್ಜಿ. ಅಜ್ಜ ಕೂತವರು ಏಳಲೊಲ್ಲರು, ಅಜ್ಜಿ ಬಿಡಲೊಲ್ಲರು.

"ಏಳ್ರಿ, ಬುರುಜು ಇಲ್ಲೇ ಕಾಣಸ್ತೈತಿ."

"ಇಲ್ಲಿಂದನ ಕಂಡ್ರ ಹತ್ತೂದ್ಯಾಕ? ನೀ ಹೋಗಿ ಬಾ."

"ಮಹಾಕೂಟದ ಗುಡಿಗೂ ನಾ ಒಬ್ಬಾಕೀನ ಹೋದೆ. ಮ್ಯಾಲೆ ನಿಂತು ಇಬ್ಬರೂ ಕೂಡಿ ಕೆಳಗಿನ ಕೆರಿ ನೋಡಬೇಕಂತ ಮದುವಿ ಆದಾಗಿಂದ ಆಸೆ ಐತ್ರಿ."

"ಹಂಗಾರ ನನ್ನ ಹೆಸರ ಹಿಡಿದು ಕರಿ, ಬರ್ತೇನಿ."

"ಅಯ್ಯ ಶಿವನ! ಗಂಡನ ಹೆಸರ ಹೇಳ್ತಾರೇನ್ರಿ?"

"ಮದುವ್ಯಾಗ ಗಂಡನ ಹೆಸರ ಕೂಡಿಸಿ ಒಡಪ ಹಾಕಂದ್ರೂ ಹೆಸರ ನುಂಗಿದಾಕಿ ನೀ. ಕರಿಯಂಗಿಲ್ಲ, ನನಗ ಗೊತ್ತೈತಿ."

ಗೆದ್ದೆನೆಂಬಂತೆ ಅಜ್ಜ ಎಲೆಯಡಿಕೆ ಚೀಲ ಬಿಚ್ಚಿದರು. ಅಜ್ಜಿ ಸೆರಗು ಸರಿಮಾಡಿಕೊಂಡು ನಾಲ್ಕು ಮೆಟ್ಟಿಲು ಹತ್ತಿ, ತಿರುಗಿ ನಿಂತರು.

"ಸಂಗಯ್ಯಾ!"

ಅಲ್ಲಿದ್ದ ಮಂಗಗಳೂ ತಿರುಗಿ ನೋಡಿದವು. ಅಜ್ಜನ ಕಿವಿ ಕೆಂಪಾಗಿತ್ತು.

"ಸರಿಯಾಗಿ ಕೇಳಸಲಿಲ್ಲ. ಇನ್ನೊಮ್ಮೆ ಕರಿ."

"ಇನ್ನೊಮ್ಮೆ ಅನ್ನೂದು ಮ್ಯಾಲೆ, ಬುರುಜಿನ ಮುಂದ."

ಅಷ್ಟು ಹೇಳಿ ಅಜ್ಜಿ ಹತ್ತತೊಡಗಿದರು.

"ನಿಂದ್ರು, ಬಂದೆ," ಎನ್ನುತ್ತ ಅಜ್ಜ ಧೋತರ ಎತ್ತಿ ಕಟ್ಟಿ, ಹಿಂದೆಯೇ ನಡೆದರು.