ಬಿಡೋಣದವರು, ಇರೋಣದವರು

ಒಂದು ನಾಡಿನಲ್ಲಿ, ಶರಣರೇ, ಅಡಿವೆಪ್ಪ ಎಂಬ ಶ್ರೀಮಂತನಿದ್ದ. ಯಾವ ನಾಡು ಎಂದು ಕೇಳಬೇಡಿ. ಹೆಸರು ಹೇಳಿದರೆ ನೀವು ಕಥೆ ಬಿಟ್ಟು ಭೂಪಟ ಹುಡುಕುತ್ತೀರಿ. ಅವನಿಗೆ ಎಣ್ಣೆ ಗಿರಣಿ ಇತ್ತು, ಹೊಲ ಇತ್ತು, ಹಿತ್ತಲಿನಲ್ಲಿ ಆನೆಯಂಥ ಮೇವಿನ ಬಣವೆ ಇತ್ತು. ಪಕ್ಕದ ಮನೆಯವನು ಗುರುಸಿದ್ಧ, ಬಟ್ಟೆ ಅಂಗಡಿ ಇಟ್ಟವನು. ಇಬ್ಬರೂ ಜೀವದ ಗೆಳೆಯರು. ಒಂದೇ ಚಂಚಿಯ ಎಲೆ ಅಡಿಕೆ, ಸಂಜೆಯಾದರೆ ಒಂದೇ ಕಟ್ಟೆಯ ಮೇಲೆ ಚೌಕಾಬಾರ.

ಆ ನಾಡು ಸುತ್ತಲಿನ ಹಲವು ನಾಡುಗಳ ಜೊತೆ ಒಂದು ಒಕ್ಕೂಟದಲ್ಲಿತ್ತು. ಸರಕು ಸುಂಕವಿಲ್ಲದೆ ಬರುತ್ತಿತ್ತು, ಹೋಗುತ್ತಿತ್ತು. ಹೊರಗಿನ ಅಗ್ಗದ ಎಣ್ಣೆ ಬಂದು ಅಡಿವೆಪ್ಪನ ಗಿರಣಿ ಕುಂಟತೊಡಗಿತು. ಹೊರಗಿನ ಅಗ್ಗದ ಬಟ್ಟೆ ಬಂದು ಗುರುಸಿದ್ಧನ ಅಂಗಡಿ ಓಡತೊಡಗಿತು. ಅಷ್ಟರಲ್ಲಿ ದೊರೆಗಳು ಜನರನ್ನೇ ಕೇಳಿದರು: ಒಕ್ಕೂಟದಲ್ಲಿ ಇರೋಣವೋ, ಬಿಡೋಣವೋ? ಅಡಿವೆಪ್ಪ ಬಿಡೋಣ ಅಂದ. ಗುರುಸಿದ್ಧ ಇರೋಣ ಅಂದ. ಇಬ್ಬರದೂ ಸುಳ್ಳಲ್ಲ ನೋಡಿ. ಅವರವರ ಹೊಟ್ಟೆಗೆ ಅವರವರ ಸತ್ಯ.

ಮತ ಎಣಿಸಿದರು. ಕೂದಲೆಳೆಯಷ್ಟು ಅಂತರದಲ್ಲಿ ಬಿಡೋಣದವರು ಗೆದ್ದರು. ಅಡಿವೆಪ್ಪ ಊರಿಗೆಲ್ಲ ಫೇಡೆ ಹಂಚಿದ. ಗುರುಸಿದ್ಧನ ಮನೆಗೂ ಕಳಿಸಿದ. ಗುರುಸಿದ್ಧ ತಟ್ಟೆಯನ್ನು ಬಾಗಿಲಿನಿಂದಲೇ ಹಿಂದೆ ಕಳಿಸಿದ. "ನನಗ ಸಕ್ಕರಿ ರೋಗ ಐತಿ ಅಂತ ಹೇಳ್ರಿ" ಅಂದ. ಅದೇ ಸಂಜೆ ಎಲ್ಲರಿಗೂ ಕಾಣುವಂತೆ ಅಂಗಡಿಯ ಮುಂದೆ ಕೂತು ಜಿಲೇಬಿ ತಿಂದ.

ಅಲ್ಲಿಂದ ಶುರುವಾಯಿತು. ಊರಿಗೆ ಎರಡು ಚಹಾದಂಗಡಿ ಆದವು, ಬಿಡೋಣದವರದೊಂದು, ಇರೋಣದವರದೊಂದು. ಮಳೆ ಬಂದರೆ ಬಿಡೋಣದವರು, "ನೋಡ್ರಿ, ಬಿಡೋಣ ಅಂದಿದ್ದಕ್ಕ ಬಂತು" ಅಂದರು. ಮಳೆ ನಿಂತರೆ ಇರೋಣದವರು, "ನೋಡ್ರಿ, ಬಿಡೋಣ ಅಂದಿದ್ದಕ್ಕ ನಿಂತಿತು" ಅಂದರು. ಕ್ಷೌರದಂಗಡಿಯವನು ಗಿರಾಕಿಯ ಒಂದು ಕೆನ್ನೆ ಬೋಳಿಸಿ, "ನೀವು ಯಾರ ಕಡೆಯವ್ರು?" ಎಂದು ಕೇಳಿದ. ಉತ್ತರ ಹಿಡಿಸಲಿಲ್ಲ. ಪಾಪ, ಆ ಮನುಷ್ಯ ಅರ್ಧ ಗಡ್ಡದಲ್ಲೇ ಪಕ್ಕದೂರಿಗೆ ಬಸ್ಸು ಹತ್ತಿದ! ನಗುತ್ತೀರಾ? ನಗಿ. ಮುಂದೆ ನಿಮ್ಮ ಪಾಳಿ ಇದೆ.

ಕಟ್ಟೆಯ ಮೇಲೆ ಚೌಕಾಬಾರ ನಿಂತುಹೋಯಿತು. ಅಡಿವೆಪ್ಪನ ಹೆಂಡತಿ ನೀಲವ್ವ ಗೋಡೆಯಾಚೆಗೆ ಪಲ್ಯದ ಬಟ್ಟಲು ಕೊಡಲು ಹೋದರೆ ಅಡಿವೆಪ್ಪ ಕೈ ಹಿಡಿದ. "ಆ ಮನಿಗೆ ನಮ್ಮ ಬದನಿಕಾಯಿ ಹೋಗಬಾರದು" ಅಂದ. ನೀಲವ್ವ, "ಬದನಿಕಾಯಿ ಯಾರಿಗೆ ಓಟು ಹಾಕಿತ್ರಿ?" ಎಂದು ಕೇಳಿದಳು. ಆದರೂ ಬಟ್ಟಲು ಆಚೆಗೆ ಹೋಗಲಿಲ್ಲ.

ಕೊನೆಗೆ ಒಕ್ಕೂಟವನ್ನು ನಿಜವಾಗಿ ಬಿಡುವ ದಿನ ಬಂತು. ಮಟಮಟ ಮಧ್ಯಾಹ್ನ, ಸುಡು ಬಿಸಿಲು. ಅಡಿವೆಪ್ಪ ಹಿತ್ತಲಿನಲ್ಲಿ ನಿಂತು ರಾಕೆಟ್ ಪಟಾಕಿ ಹಾರಿಸಿದ. ಪಟಾಕಿಗೆ ಏನು ಗೊತ್ತು, ಯಾರದು ಹಬ್ಬ, ಯಾರದು ಸೂತಕ? ಮೇಲೆ ಹೋಯಿತು, ವಾಲಿತು, ನೇರ ಅವನದೇ ಬಣವೆಯ ನೆತ್ತಿಗೆ ಬಂದು ಬಿತ್ತು.

ಭಗ್ಗೆಂದು ಉರಿ ಎದ್ದಿತು. ನೀಲವ್ವ ಕೂಗಿದಳು. ಆ ಕೂಗು ಕೇಳಿ ಎಲ್ಲರಿಗಿಂತ ಮೊದಲು ಓಡಿ ಬಂದವನು ಯಾರು? ಗುರುಸಿದ್ಧ! ತುಂಬಿದ ಕೊಡ ಹೆಗಲ ಮೇಲೆ, ಕಾಲಲ್ಲಿ ಚಪ್ಪಲಿಯೂ ಇಲ್ಲ. ನೋಡಿ, ಮನುಷ್ಯನ ಕಾಲಿಗೆ ಧರ್ಮ ಗೊತ್ತು. ಕೆಡುವುದು ತಲೆ. ಬಣವೆಯ ಹತ್ತಿರ ಬಂದವನಿಗೆ ತಲೆ ನೆನಪಿಸಿತು: ಅರೇ, ಇವನು ಬಿಡೋಣದವನು! ಗುರುಸಿದ್ಧ ಕೊಡ ಹೊತ್ತು ನಿಂತುಬಿಟ್ಟ.

"ಅಡಿವೆಪ್ಪಾ, ಒಕ್ಕೂಟ ಬಿಟ್ಟಿದ್ದು ತಪ್ಪಾತು ಅಂತ ಒಂದ ಮಾತು ಅನ್ನು. ಆಮ್ಯಾಲ ನೀರು ಹಾಕ್ತೀನಿ."

"ಬಣವಿ ಏನು, ಮನಿ ಸುಟ್ಟರೂ ಅನ್ನಂಗಿಲ್ಲ! ಬಿಟ್ಟಿದ್ದು ಛಲೋ ಆತು ಅಂತ ಮೊದಲ ನೀ ಅನ್ನು. ಇಲ್ಲಂದ್ರ ನಿನ್ನ ನೀರು ನನಗ ಬ್ಯಾಡ."

ಊರು ಕೊಡ ಹಿಡಿದು ಬಂತು. ಬಿಡೋಣದವರು ಅಡಿವೆಪ್ಪನ ಹಿಂದೆ, ಇರೋಣದವರು ಗುರುಸಿದ್ಧನ ಹಿಂದೆ. ಎಲ್ಲರ ಕೈಯಲ್ಲೂ ನೀರು, ಎಲ್ಲರ ಬಾಯಲ್ಲೂ ವಾದ. ಒಬ್ಬ ಹಿರಿಯನಂತೂ, "ಜಗಳ ಯಾಕ? ಕೈ ಎತ್ತಿಸಿ ನೋಡೂಣು" ಅಂದುಬಿಟ್ಟ! ಬೆಂಕಿಯ ಮುಂದೆ ಮತ್ತೊಂದು ಮತದಾನ. ಬೆಂಕಿ ಕಾಯುತ್ತದೆಯೇ? ನೀವೇ ಹೇಳಿ, ಕಾಯುತ್ತದೆಯೇ? ಗಾಳಿ ಬೀಸಿತು, ಕಿಡಿ ಗೋಡೆ ದಾಟಿತು, ಗುರುಸಿದ್ಧನ ದನದ ಕೊಟ್ಟಿಗೆಯ ಹುಲ್ಲಿನ ಚಾವಣಿ ಹೊತ್ತಿಕೊಂಡಿತು.

ಆ ಕೊಟ್ಟಿಗೆಯೊಳಗೆ ಆಕಳಿತ್ತು. ಆಕಳ ಪಕ್ಕ ಗುರುಸಿದ್ಧನ ತಾಯಿ ಕಾಳವ್ವ ಮೊರ ಹಿಡಿದು ಜೋಳ ಕೇರುತ್ತ ಕೂತಿದ್ದಳು. ಅವಳಿಗೆ ಕಿವಿ ಕೇಳುತ್ತಿರಲಿಲ್ಲ.

"ಅವ್ವಾ!" ಎಂದು ಗುರುಸಿದ್ಧ ಕಿರುಚಿದ. ಕೊಡ ಹೊತ್ತ ಅವನ ಕಾಲು ಆ ಕ್ಷಣ ಕಲ್ಲಾಯಿತು, ಭಯಕ್ಕೆ ಏಳಲೇ ಇಲ್ಲ. ಆಗ ಗೋಡೆ ಹಾರಿದವನು ಅಡಿವೆಪ್ಪ. ಆ ಹೊಟ್ಟೆ ಹೊತ್ತುಕೊಂಡು ಹೇಗೆ ಹಾರಿದನೋ, ದೇವರಿಗೇ ಗೊತ್ತು. ಉರಿಯುವ ಬಾಗಿಲೊಳಗೆ ನುಗ್ಗಿದ, ಮುದುಕಿಯನ್ನು ಕಂಕುಳಲ್ಲಿ ಅವುಚಿಕೊಂಡು ಹೊರಗೆ ಬಂದ. ಹಿಂದಿನಿಂದ ಹೋದ ನೀಲವ್ವ ಕುಡುಗೋಲಿನಿಂದ ಆಕಳ ಹಗ್ಗ ಕೊಯ್ದಳು. ಕಾಳವ್ವ ಮಾತ್ರ ಅಡಿವೆಪ್ಪನ ಬೆನ್ನಿಗೆ ಗುದ್ದುತ್ತಿದ್ದಳು. "ಬಿಡೋ, ನನ್ನ ಮರ ಒಳಗ ಉಳೀತು! ಹೊಸಾ ಮರ ಅದು!"

ಅಡಿವೆಪ್ಪನ ಮೀಸೆ ಅರ್ಧ ಸುಟ್ಟಿತ್ತು, ಧೋತರದ ಅಂಚು ಹೊಗೆಯಾಡುತ್ತಿತ್ತು. ಗುರುಸಿದ್ಧ ಕೊಡವನ್ನು ಅವನ ಮೇಲೆ ಸುರಿದ. ಈ ಸಲ ಯಾವ ಷರತ್ತನ್ನೂ ಹಾಕಲಿಲ್ಲ. ಅವನ ಕಣ್ಣಲ್ಲೂ ನೀರಿತ್ತು. ಅದನ್ನು ಕಂಡು ಎರಡೂ ಕಡೆಯ ಕೊಡಗಳು ಒಟ್ಟಿಗೆ ಬಗ್ಗಿದವು. ಬಣವೆ ಪೂರಾ ಹೋಯಿತು, ಕೊಟ್ಟಿಗೆಯ ಚಾವಣಿ ಹೋಯಿತು, ಮನೆಗಳೆರಡೂ ಉಳಿದವು.

ಮರುದಿನ ಬೆಳಿಗ್ಗೆ ಅಡಿವೆಪ್ಪ ತನ್ನ ಗಿರಣಿಯ ತಗಡುಗಳನ್ನು ಗಾಡಿಯಲ್ಲಿ ಹೇರಿಕೊಂಡು ಬಂದ. ಗುರುಸಿದ್ಧ ಏಣಿ ಹಿಡಿದು ಹೇಳಿದ: "ಅವ್ವನ್ನ ಉಳಿಸಿದಿ, ನಿನ್ನ ಉಪಕಾರ ಸಾಯೋತನಕ ಮರಿಯಾಂಗಿಲ್ಲ. ಆದ್ರ ಒಕ್ಕೂಟ ಬಿಟ್ಟಿದ್ದು ತಪ್ಪು ಅಂತ ಈಗೂ ಅಂತೀನಿ."

"ಅನ್ನು, ಯಾರು ಬ್ಯಾಡ ಅಂದ್ರು? ನಾ ಸರಿ ಅಂತೀನಿ. ಮೊದಲ ಆ ಕಡೆ ತುದಿ ಹಿಡಿ, ತಗಡು ಜಾರಾಕತ್ತೈತಿ."

ಸಂಜೆಯ ತನಕ ವಾದ ಮಾಡುತ್ತಲೇ ಇಬ್ಬರೂ ಚಾವಣಿ ಹೊದಿಸಿದರು. ಯಾರೂ ಸೋಲಲಿಲ್ಲ. ಚಾವಣಿಯೂ ಸೋರಲಿಲ್ಲ.

ಈಗ ನೀವು ಕೇಳುತ್ತೀರಿ: ಬುದ್ಧಿ, ಒಕ್ಕೂಟ ಬಿಟ್ಟದ್ದು ಸರಿಯೋ, ತಪ್ಪೋ? ನಾನು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ನಾಳೆಯಿಂದ ಪ್ರವಚನಕ್ಕೆ ಬರುವುದಿಲ್ಲ!

ನಾಡು ನಾಡನ್ನು ಬಿಡಬಹುದು, ಸೇರಬಹುದು. ಅದು ದೊರೆಗಳ ಮಾತು. ನಿಮ್ಮ ಮಾತಿಗೆ ಬನ್ನಿ. ಪಂಚಾಯ್ತಿ ಚುನಾವಣೆ ಮುಗಿದು ಎಷ್ಟು ಕಾಲವಾಯಿತು? ಗೆದ್ದವರು ಬೆಂಗಳೂರಿಗೆ ಹೋಗಿ ಸೋತವರ ಜೊತೆ ಊಟ ಮಾಡಿ ಬಂದರು. ನೀವು? ಅಣ್ಣನ ಮಗಳ ಮದುವೆಗೆ ಹೋಗಲಿಲ್ಲ. ಓಣಿಯವರ ಮೊಬೈಲ್ ಗುಂಪಿನಿಂದ ಸಿಟ್ಟಾಗಿ ಹೊರಗೆ ಬಂದಿರಿ. ಎದುರು ಮನೆಯ ಯಜಮಾನ ದವಾಖಾನೆ ಸೇರಿದರೆ, "ಅವನು ಮೊದಲು ತಪ್ಪು ಒಪ್ಪಲಿ, ಆಮೇಲೆ ನೋಡಲು ಹೋಗುತ್ತೇನೆ" ಅಂದಿರಿ. ಕೊಡ ಹೊತ್ತು ನಿಂತಿದ್ದೀರಿ, ಶರಣರೇ! ಹೆಗಲು ನೋಯುವುದಿಲ್ಲವೇ?

ವಾದ ಬಿಡಿ ಎಂದು ನಾನು ಹೇಳುತ್ತಿಲ್ಲ. ವಾದ ಮಾಡಿ, ಗಟ್ಟಿಯಾಗಿ ಮಾಡಿ, ಓಟು ನಿಮ್ಮ ಮನಸ್ಸಿಗೆ ಬಂದವರಿಗೆ ಹಾಕಿ. ಆದರೆ ಕಷ್ಟಕ್ಕೆ ಹೋಗುವಾಗ ಷರತ್ತು ಒಯ್ಯಬೇಡಿ. ನಾಳೆ ಬೆಳಿಗ್ಗೆಯೇ ದವಾಖಾನೆಗೆ ಹೋಗಿ. ಮುನಿದ ಮನೆಗೆ ಪಲ್ಯದ ಬಟ್ಟಲು ಕಳಿಸಿ. ಅವರು ಹಿಂದೆ ಕಳಿಸಿದರೆ ಮರುವಾರ ಮತ್ತೆ ಕಳಿಸಿ, ಸ್ವಲ್ಪ ಎಣ್ಣೆ ಹೆಚ್ಚು ಹಾಕಿ ಕಳಿಸಿ.

ಅದಕ್ಕೂ ಮೊದಲು ಇವತ್ತಿನದೊಂದಿದೆ. ಹೊರಗೆ ಪ್ರಸಾದಕ್ಕೆ ಎಲೆ ಹಾಕಿದ್ದಾರೆ. ಯಾರ ಜೊತೆ ಮಾತು ಬಿಟ್ಟಿದ್ದೀರೋ, ಅವರು ಇಲ್ಲೇ ಕೂತಿದ್ದಾರೆ, ಕಂಬದ ಮರೆಯಲ್ಲಿದ್ದರೂ ನನಗೆ ಕಾಣುತ್ತಾರೆ. ಅವರ ಪಕ್ಕದ ಎಲೆಗೆ ಹೋಗಿ ಕೂತುಕೊಳ್ಳಿ. ಏನು ಮಾತಾಡಬೇಕೆಂದು ತಿಳಿಯದಿದ್ದರೆ, "ಸಾರು ಖಾರ ಆಗೈತಿ" ಅನ್ನಿ. ಅವರು "ಇಲ್ಲ, ಸಪ್ಪಗೈತಿ" ಅಂದರೆ, ಅನ್ನಲಿ ಬಿಡಿ. ಉಣ್ಣುತ್ತ ಜಗಳಾಡಿ.

ಏಳಿ, ಸಾರು ಆರುತ್ತದೆ.