ಚೆಕ್ಕೆ ಎದ್ದ ಕರಿ ಗೋಲಿ

ಅಯೋವಾದ ಆ ಪುಟ್ಟ ಪೇಟೆಯಲ್ಲಿ ಬೆಳಗಿನಿಂದ ಮಳೆ ಹಿಡಿದುಕೊಂಡಿತ್ತು. ಹೊಲಕ್ಕೆ ಹೋಗಲಾಗದ ನಾಲ್ಕು ಜನ ವೆಂಡೆಲನ ಹಾರ್ಡ್‌ವೇರ್ ಅಂಗಡಿಯ ಒಲೆಯ ಸುತ್ತ ಕಾಫಿ ಹಿಡಿದು ಕೂತಿದ್ದರು. ವೆಂಡೆಲನ ಕಣ್ಣೆಲ್ಲ ಮೇಲಿನ ಮಹಡಿಯ ಮೇಲೆ. ಅದು ಊರ ಗಂಡಸರು ಕಟ್ಟಿಕೊಂಡಿದ್ದ ಸೋದರ ಸಂಘದ ಹಳೆಯ ಸಭಾಂಗಣ; ಕೊಂಡರೆ ಅಂಗಡಿ ಎರಡರಷ್ಟಾಗುತ್ತಿತ್ತು. ಬೀಗದ ಕೈ ಮಾತ್ರ ಸಂಘದಲ್ಲಿ ಉಳಿದ ಒಬ್ಬನೇ ಸದಸ್ಯ, ಅಲ್ಲೇ ಕೂತಿದ್ದ ಎಂಬತ್ತೆಂಟರ ಆರ್ವಿಡ್ ತಾತನ ಜೇಬಿನಲ್ಲಿತ್ತು.

"ಮಾರಿಬಿಡಿ ತಾತಾ. ಮೇಲೇನು ದೆವ್ವಕ್ಕೆ ಬಾಡಿಗೆ ಕೊಟ್ಟಿದ್ದೀರಾ?" ಎಂದ ವೆಂಡೆಲ್.

"ಅವನು ಬಾಡಿಗೆಯವನಲ್ಲ ಕಣೋ," ಎಂದ ತಾತ, ಕುರ್ಚಿಯನ್ನು ಒಲೆಯ ಹತ್ತಿರ ಎಳೆದುಕೊಂಡು.

"ಕೇಳಿ ಇಲ್ಲಿ. ಆವಾಗ ಅರವತ್ತು ಜನ ಇದ್ವಿ. ಶನಿವಾರ ಬಂತು ಅಂದ್ರೆ ಮೆಟ್ಟಿಲ ತುಂಬ ಬೂಟಿನ ಸದ್ದು, ಹೆಂಗಸರು ತಂದ ಸೇಬಿನ ಪೈ ವಾಸನೆ, ಹಾಡು... ಅಯ್ಯೋ, ಆ ಕಾಲ ಹೋಯ್ತು ಬಿಡಿ! ಏನೇ ತೀರ್ಮಾನ ಆಗ್ಬೇಕಾದ್ರೂ ಮತದ ಪೆಟ್ಟಿಗೆ ಸುತ್ತು ಬರೋದು. ಒಪ್ಪಿದ್ರೆ ಬಿಳಿ ಗೋಲಿ, ಇಲ್ಲಾಂದ್ರೆ ಕರೀದು. ಒಂದೇ ಒಂದು ಕರೀದು ಬಿದ್ರೂ ಮುಗೀತು. ಯಾರು ಹಾಕಿದ್ದು ಅಂತ ಕೇಳೋ ಹಾಗಿಲ್ಲ. ನನ್ನ ಜೀವದ ಗೆಳೆಯ ಲಾರ್ಸ್ ಸಂಘ ಸೇರೋಕೆ ಬಂದ. ಹಿಂದಿನ ದಿನ ನನ್ನ ಹೊಸ ಟೋಪಿ ನೋಡಿ ಎಲ್ಲರೆದುರು ನಕ್ಕಿದ್ದ, ಅಷ್ಟೇ... ಚೆಕ್ಕೆ ಎದ್ದಿದ್ದ ಕರಿ ಗೋಲಿಯೊಂದು ಕೈಗೆ ಸಿಕ್ತು. ಹಾಕಿಬಿಟ್ಟೆ. ಸ್ವಲ್ಪ ಸೊಕ್ಕು ಇಳೀಲಿ, ಮುಂದಿನ ಸಲ ಸೇರ್ಸಿಕೊಳ್ಳೋಣ ಅಂತ. ಮುಂದಿನ ಸಲ ಎಲ್ಲಿಂದ ಬರ್ಬೇಕು? ಆ ಚಳಿಗಾಲದಲ್ಲೇ ಹೆಪ್ಪುಗಟ್ಟಿದ ನದಿ ದಾಟೋವಾಗ ಐಸು ಒಡೆದು ಮುಳುಗಿಹೋದ. ಸಂಘದವನು ಸತ್ತರೆ ನಾವೆಲ್ಲ ಬಿಳಿ ಕೈಗವಸು ತೊಟ್ಟು ಹೆಗಲು ಕೊಡ್ತಿದ್ವಿ. ಇವನಿಗೆ ಜನ ಸಾಲದೆ ಮುದಿ ಅಪ್ಪನೇ ಹೆಗಲು ಕೊಟ್ಟ. ನಾನು... ಮೇಲಿನ ಕಿಟಕೀಲಿ ನಿಂತು ನೋಡ್ದೆ. ಇಳಿದು ಹೋಗೋಕೆ ಮುಖ ಇರ್ಲಿಲ್ಲ."

ತಾತ ಒಲೆಗೆ ಇನ್ನೊಂದು ಕಟ್ಟಿಗೆ ಹಾಕಿದ.

"ಹೋದ ವರ್ಷ, ಸಂಘ ಮುಚ್ಚೋಣ ಅಂತ ಒಬ್ಬನೇ ಪೆಟ್ಟಿಗೆ ಇಟ್ಕೊಂಡು ಕೂತೆ. ಬಿಳೀದು ಹಾಕ್ದೆ. ತೆಗೆದ್ರೆ ಎರಡು! ಇನ್ನೊಂದು ಕರೀದು, ಚೆಕ್ಕೆ ಎದ್ದಿದ್ದು... ಒದ್ದೆಯಾಗಿತ್ತು. ನೀವಾಗಿದ್ರೆ ಏನು ಮಾಡ್ತಿದ್ರಿ? ನಾನು ಅತ್ತುಬಿಟ್ಟೆ. 'ನಾನೇ ಕಣೋ ಹಾಕಿದ್ದು' ಅಂದೆ. ಅವನನ್ನ ಸೇರ್ಸಿಕೊಳ್ಳೋಕೆ ಅಲ್ಲೇ ಮತ್ತೊಂದು ಸಲ ಬಿಳೀದು ಹಾಕ್ದೆ. ಈ ಸಲ ಒಂದೇ ಬಂತು, ಬಿಳೀದು. ಲಾರ್ಸ್ ಸಂಘದವನಾದ."

"ಋಣ ತೀರ್ತಲ್ಲ, ಇನ್ನೇನು?" ಎಂದ ವೆಂಡೆಲ್.

"ಪೆದ್ದ! ಸದಸ್ಯ ಆದ್ಮೇಲೆ ಅವನಿಗೂ ಮತ ಇಲ್ವೇನೋ? ಪ್ರತಿ ಶನಿವಾರ ಮುಚ್ಚೋಣ್ವಾ ಅಂತ ಕೇಳ್ತೀನಿ. ಪ್ರತಿ ಶನಿವಾರ ಒಂದು ಕರೀದು."

ವೆಂಡೆಲ್ ನಕ್ಕುಬಿಟ್ಟ. "ಸರಿ ತಾತಾ, ನೀವು ಹೋದ್ಮೇಲೆ ಕೇಳ್ತೀನಿ."

ಆಗಲೇ ಬೀಗ ಹಾಕಿದ ಮಹಡಿಯಲ್ಲಿ ಗೋಲಿಯೊಂದು ಉರುಳಿತು. ಮೂಲೆಯಿಂದ ನಿಧಾನವಾಗಿ ಉರುಳುತ್ತ ಬಂದು, ವೆಂಡೆಲನ ನೆತ್ತಿಯ ನೇರಕ್ಕೆ ನಿಂತಿತು.

"ಬಂದೆ ಕಣೋ, ಶನಿವಾರ ಅಂತ ನೆನಪಿದೆ," ಎಂದು ತಾತ ಮೇಲೆ ನೋಡಿ ಕೂಗಿದ. ಬೀಗದ ಕೈ ತೆಗೆದುಕೊಂಡು ಎದ್ದು, ವೆಂಡೆಲನ ಬೆನ್ನು ತಟ್ಟಿದ.

"ನಾನು ಹೋದ್ಮೇಲೆ ಕೇಳು ಮಗಾ, ಧಾರಾಳವಾಗಿ ಕೇಳು... ಆಗ ಮೇಲೆ ಇಬ್ಬರಿರ್ತೀವಿ."